ನಮ್ಮ ಪಾಲಿನ ನೂರ ಮೂವತ್ತೊಂದು

ಸರ್ಕಾರಕ್ಕೆ ತಲೆ ಎಣಿಸಬೇಕಾದಾಗಲೂ ಬೆರಳಿಗೆ ಶಾಯಿ ಹಚ್ಚಬೇಕಾದಾಗಲೂ ಮೊದಲು ನೆನಪಾಗುವುದು ಉಪಾಧ್ಯಾಯರು. ಜನಗಣತಿ ಬಂತೆಂದರೆ ಬಿಸಿಲಲ್ಲಿ ಕೊಡೆ ಹಿಡಿದು ಮನೆಮನೆಯ ಬಾಗಿಲು ತಟ್ಟುವವರು ನಾವು. ವಿಧಾನಸಭೆಗೋ ಲೋಕಸಭೆಗೋ ಚುನಾವಣೆ ಬಂತೆಂದರೆ ಹಿಂದಿನ ದಿನವೇ ಮಸ್ಟರಿಂಗ್ ಕೇಂದ್ರದಲ್ಲಿ ಸರತಿ ನಿಂತು, ಯಂತ್ರ, ಮೊಹರು, ಅರಗು, ಹತ್ತಾರು ಬಗೆಯ ಲಕೋಟೆಗಳನ್ನು ಲೆಕ್ಕ ಮಾಡಿ ತೆಗೆದುಕೊಂಡು, ಬೆಳಗಿನ ಜಾವಕ್ಕೆ ಮತಗಟ್ಟೆಯಲ್ಲಿ ಹಾಜರಿರಬೇಕಾದವರೂ ನಾವೇ. ಮೂವತ್ತು ವರ್ಷದ ನೌಕರಿಯಲ್ಲಿ ಎಷ್ಟು ಬೆರಳುಗಳಿಗೆ ಮೈಸೂರಿನ ಆ ಅಳಿಸಲಾಗದ ಶಾಯಿ ಬಳಿದಿದ್ದೇನೋ ಲೆಕ್ಕ ಇಟ್ಟಿಲ್ಲ. ಮಣ್ಣು ಮೆತ್ತಿದ ಕೈ, ನಡುಗುವ ಕೈ, ಮದುವೆಯ ಮದರಂಗಿ ಇನ್ನೂ ಮಾಸದ ಕೈ, ಎಲ್ಲವನ್ನೂ ಕಂಡಿದ್ದೇನೆ.

ಆದರೆ ನಮ್ಮನ್ನು ಯಾರೂ ಕರೆಯದ ಚುನಾವಣೆಯೊಂದಿದೆ. ಅದು ಬಂದರೆ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಮೈಕು ಕಟ್ಟಿದ ಆಟೋ ತಿರುಗುವುದಿಲ್ಲ. ಗೇಟಿನ ಸಂದಿಯಲ್ಲಿ ಕರಪತ್ರ ತೂರಿಸುವುದಿಲ್ಲ. ಶಾಲೆಗೆ ರಜೆಯೂ ಇಲ್ಲ. ದೇಶದ ಅತ್ಯುನ್ನತ ಸ್ಥಾನಕ್ಕೆ ನಡೆಯುವ ಚುನಾವಣೆ ಬನಶಂಕರಿಯ ತರಕಾರಿ ಗಾಡಿಯವನಿಗೆ ತಿಳಿಯದಂತೆ ಬಂದು ಹೋಗಿರುತ್ತದೆ. ಅದೇ ರಾಷ್ಟ್ರಪತಿ ಚುನಾವಣೆ.

ಪರೀಕ್ಷೆಯ ದೃಷ್ಟಿಯಿಂದ ನೋಡಿದರೆ ಇದು ನಾಲ್ಕು ಸಾಲಿನಲ್ಲಿ ಮುಗಿಸಿಬಿಡಬಹುದಾದ ಪಾಠ. 'ರಾಷ್ಟ್ರಪತಿಯವರನ್ನು ಜನರು ನೇರವಾಗಿ ಆರಿಸುವುದಿಲ್ಲ. ಮತದಾರರ ಗಣವೊಂದು ಪರೋಕ್ಷವಾಗಿ ಆರಿಸುತ್ತದೆ' ಎಂದು ಬರೆಸಿ, ಕೆಳಗೆ ಗೆರೆ ಎಳೆಸಿದರೆ ಎರಡು ಅಂಕಕ್ಕೆ ಸಾಕು. ಆದರೆ ಮಕ್ಕಳು ಬಿಡಬೇಕಲ್ಲ! ಇಂಗ್ಲಿಷಿನಲ್ಲಿ ಇದನ್ನು ಎಲೆಕ್ಟೋರಲ್ ಕಾಲೇಜ್ ಎನ್ನುತ್ತಾರೆ ಎಂದು ನಾನು ಹೇಳಿದ್ದೇ ತಡ, ಕೊನೆಯ ಬೆಂಚಿನಿಂದ ಒಬ್ಬ ಎದ್ದು, "ಮಿಸ್, ಆ ಕಾಲೇಜು ಎಲ್ಲಿದೆ? ನ್ಯಾಷನಲ್ ಕಾಲೇಜ್ ಹತ್ತಿರಾನಾ?" ಎಂದ. ತರಗತಿ ಗೊಳ್ಳೆಂದಿತು. ನಾನೂ ನಕ್ಕು, "ಅದಕ್ಕೆ ಕಟ್ಟಡವೂ ಇಲ್ಲ, ಫೀಸೂ ಇಲ್ಲ ಕಣಪ್ಪ. ಐದು ವರ್ಷಕ್ಕೊಮ್ಮೆ ಒಂದು ದಿನ ಪರೀಕ್ಷೆ, ಆಮೇಲೆ ಬಾಗಿಲು" ಎಂದೆ.

ಆ ಕಾಲೇಜಿಗೆ ಪ್ರವೇಶ ಯಾರಿಗೆ? ಲೋಕಸಭೆ, ರಾಜ್ಯಸಭೆಗಳ ಚುನಾಯಿತ ಸದಸ್ಯರಿಗೆ, ರಾಜ್ಯಗಳ ವಿಧಾನಸಭೆಗಳ ಚುನಾಯಿತ ಸದಸ್ಯರಿಗೆ. 1992ರ ಸಂವಿಧಾನ ತಿದ್ದುಪಡಿಯಿಂದ ದೆಹಲಿ ಮತ್ತು ಪುದುಚೇರಿಯ ಶಾಸಕರಿಗೂ ಬಾಗಿಲು ತೆರೆಯಿತು. ನಾಮಕರಣಗೊಂಡ ಸದಸ್ಯರಿಗೆ ಇಲ್ಲ. ವಿಧಾನ ಪರಿಷತ್ತಿನವರಿಗೂ ಇಲ್ಲ. ಶಿಕ್ಷಕರ ಕ್ಷೇತ್ರ ಎಂದು ಒಂದನ್ನು ಮಾಡಿ, ನಮ್ಮಂಥ ಮೇಷ್ಟರುಗಳು ಮೇಡಮ್ಮುಗಳೇ ಆರಿಸಿ ಕಳಿಸುವ ಪರಿಷತ್ ಸದಸ್ಯರಿದ್ದಾರಲ್ಲ, ಅವರು ಆ ದಿನ ನಮ್ಮ ಹಾಗೆಯೇ ಪೇಪರು ಓದಿಕೊಂಡು ಕೂರಬೇಕು.

ಒಳಗೆ ಹೋದವರ ಮತಗಳೂ ಒಂದೇ ತೂಕದವಲ್ಲ. ಇಲ್ಲಿ ಸ್ವಲ್ಪ ಗಣಿತ ಬರುತ್ತದೆ, ಗಾಬರಿಯಾಗಬೇಡಿ. ಏಳನೇ ಇಯತ್ತೆಯ ಭಾಗಾಕಾರ ಸಾಕು. ರಾಜ್ಯದ ಜನಸಂಖ್ಯೆಯನ್ನು ವಿಧಾನಸಭೆಯ ಚುನಾಯಿತ ಸದಸ್ಯರ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು ಮತ್ತೆ 1000ದಿಂದ ಭಾಗಿಸಬೇಕು. 1971ರ ಜನಗಣತಿಯಲ್ಲಿ ನಮ್ಮ ರಾಜ್ಯದ ಜನಸಂಖ್ಯೆ 2,92,99,014. ಶಾಸಕರು 224. ಲೆಕ್ಕ ಹಾಕಿದರೆ 130 ದಾಟಿ ಮುಕ್ಕಾಲು ಭಾಗ ಬರುತ್ತದೆ; ಅರ್ಧಕ್ಕಿಂತ ಹೆಚ್ಚಾದ್ದರಿಂದ ಅದು 131. ನಮ್ಮ ಒಬ್ಬ ಶಾಸಕರ ಒಂದು ಮತಪತ್ರಕ್ಕೆ ಬೆಲೆ 131. ಎಲ್ಲರದೂ ಸೇರಿದರೆ ಕರ್ನಾಟಕದ ಪಾಲು 29,344.

ನನ್ನ ನಾದಿನಿಯನ್ನು ಕಾಸರಗೋಡು ಜಿಲ್ಲೆಯ ಮಂಜೇಶ್ವರಕ್ಕೆ ಕೊಟ್ಟಿದೆ. ಮನೆಯಲ್ಲಿ ಆಡುವುದು ಕನ್ನಡ, ಮಕ್ಕಳು ಓದಿದ್ದು ಕನ್ನಡ ಶಾಲೆಯಲ್ಲಿ, ಮತ ಹಾಕುವುದು ಮಾತ್ರ ಕೇರಳದ ವಿಧಾನಸಭೆಗೆ. ಅವಳ ಶಾಸಕರ ಮತದ ಬೆಲೆ 152 ಎಂದು ಫೋನಿನಲ್ಲಿ ಹೇಳಿದಾಗ, "ನೋಡಿದಿರಾ ಅತ್ತಿಗೆ, ನಾವು ಗಡಿ ದಾಟಿದ್ದಕ್ಕೆ ರೇಟು ಜಾಸ್ತಿ ಆಯ್ತು" ಎಂದು ನಕ್ಕಳು. ಹಾಗೆ ನೋಡಿದರೆ ಅಕ್ಕಲಕೋಟೆ, ಜತ್ತದ ಕನ್ನಡಿಗರ ಶಾಸಕರು ಮಹಾರಾಷ್ಟ್ರದವರಾದ್ದರಿಂದ ಅವರದು 175. ಉತ್ತರ ಪ್ರದೇಶದ ಶಾಸಕರದು 208, ಸಿಕ್ಕಿಮಿನವರದು ಬರೀ 7. ಇದರಿಂದ ಯಾರೂ ಹಿಗ್ಗಬೇಕಾಗಿಲ್ಲ, ಯಾರೂ ಕುಗ್ಗಬೇಕಾಗಿಯೂ ಇಲ್ಲ. ಕೇರಳದ ಶಾಸಕರು 140 ಜನ ಮಾತ್ರ. ಕಡಿಮೆ ಎಲೆ ಹಾಕಿದ್ದಾರೆ, ಆದ್ದರಿಂದ ಎಲೆಗೆ ಹೆಚ್ಚು ಅನ್ನ ಬಿದ್ದಿದೆ. ನಮ್ಮಲ್ಲಿ ಎಲೆಗಳು ಜಾಸ್ತಿ. ಹಂಡೆಯೊಳಗಿನ ಅನ್ನದ ಲೆಕ್ಕ ಎಲ್ಲ ರಾಜ್ಯಕ್ಕೂ ಒಂದೇ: ಸಾವಿರ ತಲೆಗೆ ಒಂದು ಮತ.

ಇನ್ನು ಸಂಸದರು. ಎಲ್ಲ ಶಾಸಕರ ಮತಗಳ ಬೆಲೆಯನ್ನು ಕೂಡಿ, ಚುನಾಯಿತ ಸಂಸದರ ಸಂಖ್ಯೆಯಿಂದ ಭಾಗಿಸಿದರೆ ಒಬ್ಬ ಸಂಸದರ ಮತದ ಬೆಲೆ ಸಿಗುತ್ತದೆ. 2022ರ ಚುನಾವಣೆಯಲ್ಲಿ ಶಾಸಕರ ಒಟ್ಟು 5,43,231, ಸಂಸದರು 776, ಹಾಗಾಗಿ ತಲೆಗೆ 700. ಆಗ ಜಮ್ಮು ಮತ್ತು ಕಾಶ್ಮೀರದಲ್ಲಿ ವಿಧಾನಸಭೆ ಇರಲಿಲ್ಲವಾದ್ದರಿಂದ 2017ರ 708ಕ್ಕಿಂತ ಎಂಟು ಕಡಿಮೆಯಾಯಿತು. ಸಂಸದರ ಒಟ್ಟು 5,43,200. ನೋಡಿ, ತಕ್ಕಡಿಯ ಒಂದು ತಟ್ಟೆಯಲ್ಲಿ ರಾಜ್ಯಗಳೆಲ್ಲ ಸೇರಿ, ಇನ್ನೊಂದರಲ್ಲಿ ಸಂಸತ್ತು. ಮುಳ್ಳು ನಡುವೆ ನಿಂತಿದೆ. ಇದನ್ನು ಬರೆದವರಿಗೆ ಅಂಗಡಿಯ ತೂಕ ಗೊತ್ತಿತ್ತು ಎಂದು ನನಗೆ ಪ್ರತಿ ಸಲವೂ ಅನ್ನಿಸುತ್ತದೆ.

ಮತ ಹಾಕುವ ರೀತಿಯೂ ನಮ್ಮದರ ಹಾಗಲ್ಲ. ಗುಂಡಿ ಒತ್ತುವ ಯಂತ್ರ ಅಲ್ಲಿ ನಡೆಯದು. ಸಂಸದರಿಗೆ ಹಸಿರು ಮತಪತ್ರ, ಶಾಸಕರಿಗೆ ಗುಲಾಬಿ ಬಣ್ಣದ್ದು. ಆಯೋಗ ಕೊಟ್ಟ ನೇರಳೆ ಶಾಯಿಯ ಪೆನ್ನಿನಲ್ಲಿ ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಎಂದು ಪ್ರಾಶಸ್ತ್ಯ ಬರೆಯಬೇಕು. ಮಕ್ಕಳಿಗೆ ನಾನು ಹೋಟೆಲಿನ ಉದಾಹರಣೆ ಕೊಡುತ್ತೇನೆ. "ಮಸಾಲೆ ದೋಸೆ ಕೊಡಿ, ಕಾವಲಿ ಆರಿಸಿದ್ದರೆ ಇಡ್ಲಿ ವಡೆ, ಅದೂ ಮುಗಿದಿದ್ದರೆ ಖಾರಾಬಾತ್" ಎಂದು ನೀವು ಒಂದೇ ಉಸಿರಿನಲ್ಲಿ ಹೇಳಿಬಿಟ್ಟರೆ ಮಾಣಿ ಮತ್ತೆ ಮತ್ತೆ ಬಂದು ಕೇಳಬೇಕಾಗಿಲ್ಲ. ಹಾಗೆಯೇ, ಮೊದಲ ಪ್ರಾಶಸ್ತ್ಯದಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಬಾರದಿದ್ದರೆ, ಕಡಿಮೆ ಬಂದವರನ್ನು ಒಬ್ಬೊಬ್ಬರಾಗಿ ಕೈಬಿಡುತ್ತ, ಅವರ ಮತಪತ್ರಗಳಲ್ಲಿ ಮುಂದಿನ ಹೆಸರು ಯಾರದ್ದೋ ಅವರಿಗೆ ಅವನ್ನು ವರ್ಗಾಯಿಸುತ್ತ ಹೋಗುತ್ತಾರೆ.

ಮತದಾನ ಮುಗಿದ ಮೇಲೆ ರಾಜ್ಯ ರಾಜ್ಯಗಳಿಂದ ಪೆಟ್ಟಿಗೆಗಳು ವಿಮಾನದಲ್ಲಿ ದೆಹಲಿಗೆ ಹೋಗುತ್ತವೆ. 2022ರಲ್ಲಿ ಅವಕ್ಕೆ ಪ್ರತ್ಯೇಕ ಸೀಟಿನ ಟಿಕೆಟ್ಟು ಮಾಡಿಸಿದ್ದರು, 'ಮಿಸ್ಟರ್ ಬ್ಯಾಲಟ್ ಬಾಕ್ಸ್' ಎಂಬ ಹೆಸರಿನಲ್ಲಿ! ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಕಿಟಕಿಯಾಚೆ ಮೋಡ ನೋಡುತ್ತ ಕುಳಿತ ಮತಪೆಟ್ಟಿಗೆಯನ್ನು ಊಹಿಸಿಕೊಂಡು ನಮ್ಮ ಮಕ್ಕಳು ಒಂದು ವಾರ ನಕ್ಕರು. ಆ ಸಲ ದ್ರೌಪದಿ ಮುರ್ಮು ಅವರಿಗೆ 6,76,803, ಯಶವಂತ ಸಿನ್ಹಾ ಅವರಿಗೆ 3,80,177 ಬಂದವು. 53 ಜನರ ಮತಗಳು ಅಸಿಂಧುವಾದವು, ಅವರಲ್ಲಿ 15 ಮಂದಿ ಸಂಸದರು. ಶಾಸನ ಮಾಡುವವರಿಗೇ ಒಂದು, ಎರಡು ಬರೆಯುವುದು ಕಷ್ಟವಾದರೆ ನಮ್ಮ ಎಂಟನೇ ತರಗತಿಯವರನ್ನು ಎಷ್ಟೆಂದು ಬಯ್ಯಲಿ?

ಹೀಗೆ ಎರಡನೆಯ ಪ್ರಾಶಸ್ತ್ಯವನ್ನು ಎಣಿಸಿಯೇ ತೀರ್ಮಾನ ಮಾಡಬೇಕಾಗಿ ಬಂದದ್ದು ಇದುವರೆಗೆ ಒಂದೇ ಸಲ, 1969ರಲ್ಲಿ. ಆ ಕಥೆಯ ಮೊದಲ ಅಧ್ಯಾಯ ನಡೆದದ್ದು ದೆಹಲಿಯಲ್ಲಲ್ಲ, ನಮ್ಮ ಜಯನಗರದಿಂದ ನಡೆದುಹೋಗುವಷ್ಟು ಹತ್ತಿರದ ಲಾಲ್‌ಬಾಗಿನಲ್ಲಿ. ಆ ಮೇ ತಿಂಗಳಲ್ಲಿ ರಾಷ್ಟ್ರಪತಿ ಜಾಕಿರ್ ಹುಸೇನ್ ತೀರಿಕೊಂಡಿದ್ದರು. ಜುಲೈಯಲ್ಲಿ ಗಾಜಿನ ಮನೆಯಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಅಧಿವೇಶನ. ಪಕ್ಷದ ಅಧ್ಯಕ್ಷರು ನಮ್ಮವರೇ ಆದ ಎಸ್. ನಿಜಲಿಂಗಪ್ಪ. ನನ್ನ ಚಿಕ್ಕಪ್ಪ ಆಗ ಬಸವನಗುಡಿಯಲ್ಲಿ ರೂಮು ಮಾಡಿಕೊಂಡು ಓದುತ್ತಿದ್ದ ಹುಡುಗ. "ಗೇಟಿನ ಹತ್ತಿರಕ್ಕೂ ಬಿಡಲಿಲ್ಲ ಕಣೆ, ಕಾರುಗಳ ಹಿಂದಿನ ಧೂಳು ಕುಡಿದುಕೊಂಡು ಬಂದ್ವಿ" ಎಂದು ಹೇಳುತ್ತಿದ್ದ. ಆ ದಿನಗಳಲ್ಲೇ, ಜುಲೈ 12ರಂದು, ಬೆಂಗಳೂರಿನಲ್ಲೇ ಸೇರಿದ ಪಕ್ಷದ ಸಂಸದೀಯ ಮಂಡಳಿ ಪ್ರಧಾನಿ ಇಂದಿರಾ ಗಾಂಧಿಯವರ ಇಷ್ಟಕ್ಕೆ ವಿರುದ್ಧವಾಗಿ ನೀಲಂ ಸಂಜೀವ ರೆಡ್ಡಿ ಅವರನ್ನು ಬಹುಮತದಿಂದ ಅಭ್ಯರ್ಥಿಯನ್ನಾಗಿ ಮಾಡಿತು. ಉಪರಾಷ್ಟ್ರಪತಿಯಾಗಿದ್ದ, ಹಿಂದೆ ನಮ್ಮ ಮೈಸೂರು ರಾಜ್ಯದ ರಾಜ್ಯಪಾಲರೂ ಆಗಿದ್ದ ವಿ.ವಿ. ಗಿರಿ ರಾಜೀನಾಮೆ ಕೊಟ್ಟು ಸ್ವತಂತ್ರವಾಗಿ ನಿಂತರು. ಆತ್ಮಸಾಕ್ಷಿಗೆ ತಕ್ಕಂತೆ ಮತ ಹಾಕಿ ಎಂಬ ಮಾತು ಹೊರಟಿತು.

ಆಗಸ್ಟ್ 16ಕ್ಕೆ ಮತದಾನ. ಕಣದಲ್ಲಿ 15 ಜನ. ಗೆಲ್ಲಲು ಬೇಕಾದದ್ದು 4,18,169. ಮೊದಲ ಎಣಿಕೆಯಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ಸಿ.ಡಿ. ದೇಶಮುಖ್ ಅವರಿಗೆ 1,12,769. ಯಾರೂ ಗೆರೆ ಮುಟ್ಟಲಿಲ್ಲ. ಕೆಳಗಿನವರನ್ನು ಕಳೆಯುತ್ತ ಬಂದು, ಕೊನೆಗೆ ದೇಶಮುಖರ ಮತಪತ್ರಗಳನ್ನೂ ಹಂಚಿದಾಗ ಬಹುಪಾಲು ರೆಡ್ಡಿಯವರ ಕಡೆಗೆ ಹೋದವು. ಎಂಬತ್ತೆಂಟು ಸಾವಿರದಷ್ಟಿದ್ದ ಅಂತರ ಹದಿನೈದು ಸಾವಿರದೊಳಗೆ ಬಂತು. ಆದರೂ ಗಿರಿ 4,20,077ಕ್ಕೆ ಗೆರೆ ದಾಟಿದರು. ರೆಡ್ಡಿ 4,05,427ರಲ್ಲಿ ಉಳಿದರು. ಆ ವರ್ಷ ಮುಗಿಯುವುದರೊಳಗೆ ಕಾಂಗ್ರೆಸ್ಸೇ ಎರಡಾಯಿತು. ಫಲಪುಷ್ಪ ಪ್ರದರ್ಶನಕ್ಕೆ ಹೋದಾಗಲೆಲ್ಲ ಗಾಜಿನ ಮನೆಯ ಗುಲಾಬಿಗಳ ನಡುವೆ ನನಗೆ ಈ ಅಂಕಿಗಳು ನೆನಪಾಗುತ್ತವೆ. ಸೋತ ಸಂಜೀವ ರೆಡ್ಡಿಯವರೇ 1977ರಲ್ಲಿ ಅವಿರೋಧವಾಗಿ ರಾಷ್ಟ್ರಪತಿಯಾದರು. 37 ನಾಮಪತ್ರಗಳಲ್ಲಿ 36 ತಿರಸ್ಕೃತವಾಗಿದ್ದವು. 1996ರಲ್ಲಿ ಅವರು ಕಣ್ಣು ಮುಚ್ಚಿದ್ದೂ ಬೆಂಗಳೂರಿನಲ್ಲೇ. ಅವರಿಗೆ ಮೊದಲು, 1977ರ ಫೆಬ್ರವರಿಯಿಂದ ಜುಲೈವರೆಗೆ, ಹಂಗಾಮಿಯಾಗಿ ಆ ಸ್ಥಾನದಲ್ಲಿದ್ದವರು ನಮ್ಮ ಬಿ.ಡಿ. ಜತ್ತಿ. ಆದರೆ ಈ ಚುನಾವಣೆಯಲ್ಲಿ ಗೆದ್ದು ಆ ಸ್ಥಾನ ಏರಿದ ಕನ್ನಡಿಗರು ಇನ್ನೂ ಯಾರೂ ಇಲ್ಲ.

ಇಷ್ಟು ಸುತ್ತು ಬಳಸು ಯಾಕೆ, ಜನರೇ ನೇರವಾಗಿ ಆರಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಸಂವಿಧಾನ ಸಭೆಯಲ್ಲೂ ಕೆ.ಟಿ. ಶಾ ಅವರು ಅದನ್ನೇ ಕೇಳಿದ್ದರು. ಸಭೆ ಒಪ್ಪಲಿಲ್ಲ. ನಮ್ಮಲ್ಲಿ ಆಡಳಿತದ ಚುಕ್ಕಾಣಿ ಪ್ರಧಾನಿ ಮತ್ತು ಮಂತ್ರಿಮಂಡಲದ ಕೈಯಲ್ಲಿದೆ. ರಾಷ್ಟ್ರಪತಿಯವರು ಅವರ ಸಲಹೆಯಂತೆ ನಡೆಯಬೇಕಾದವರು. ದೇಶದ ಸಮಸ್ತ ಮತದಾರರು ಸೇರಿ ಒಬ್ಬರನ್ನು ಆರಿಸಿ ಕೂರಿಸಿ, ಆಮೇಲೆ ನಿಮಗೆ ಅಧಿಕಾರವಿಲ್ಲ ಎಂದರೆ ಅವರು ಸುಮ್ಮನಿದ್ದಾರೆಯೇ? ಒಂದೇ ಅಡುಗೆಮನೆಯಲ್ಲಿ ಇಬ್ಬರು ಯಜಮಾನಿಯರಿದ್ದ ಸಂಸಾರ ನೋಡಿದವರಿಗೆ ಈ ತರ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ನನಗೂ ಇದು ಒಪ್ಪಿಗೆಯೇ. ನನ್ನ ತಕರಾರು ಪರೋಕ್ಷ ಎಂಬುದರ ಮೇಲಲ್ಲ.

ತಕರಾರು ಹುಟ್ಟಿಸಿದವಳು ಎರಡನೇ ಬೆಂಚಿನ ಒಬ್ಬ ಹುಡುಗಿ. ಇದನ್ನೆಲ್ಲ ಕೇಳಿ, ಟಿಪ್ಪಣಿ ಬರೆದುಕೊಂಡು, ಮೆಲ್ಲಗೆ ಎದ್ದಳು. "ಮಿಸ್, ನಮ್ಮಮ್ಮ ಓಟು ಹಾಕಿದವರು ಸೋತುಹೋದರು. ಗೆದ್ದವರು ರಾಷ್ಟ್ರಪತಿಗೆ ಓಟು ಹಾಕಿದರೆ, ಅದರಲ್ಲಿ ನಮ್ಮಮ್ಮಂದೂ ಇರತ್ತಾ?"

ಇದು ಜಯನಗರದಲ್ಲಿ ಕೇಳುವಂಥ ಪ್ರಶ್ನೆಯೇ. 2023ರ ಮೇ 13ರಂದು ಎಣಿಕೆ, ಮತ್ತೆ ಎಣಿಕೆ ಎಂದು ರಾತ್ರಿಯವರೆಗೂ ಎಳೆದು, ಕೊನೆಗೆ ಘೋಷಿತವಾದ ಫಲಿತಾಂಶ ನಿಮಗೂ ನೆನಪಿರಬಹುದು. ಸಿ.ಕೆ. ರಾಮಮೂರ್ತಿ 57,797, ಸೌಮ್ಯಾ ರೆಡ್ಡಿ 57,781. ಅಂತರ ಹದಿನಾರು. ಒಂದು ಸಣ್ಣ ವಠಾರದ ಜನ. ಮುಂದಿನ ರಾಷ್ಟ್ರಪತಿ ಚುನಾವಣೆ 2027ರಲ್ಲಿ. ಆಗ ಜಯನಗರದ ಶಾಸಕರ ಕೈಯಲ್ಲಿರುವ ಗುಲಾಬಿ ಬಣ್ಣದ ಮತಪತ್ರಕ್ಕೆ 131 ಬೆಲೆ ಬರುವುದು 57,797 ಜನರಿಂದಲ್ಲ. ಸೋತವರ ಕಡೆಯ 57,781 ಜನರೂ ಅದರಲ್ಲಿದ್ದಾರೆ, ಮನೆಯಿಂದ ಹೊರಡದವರೂ ಇದ್ದಾರೆ. "ಇರತ್ತೆ ಕಣಮ್ಮ. ಆದರೆ ಅದನ್ನು ಎಲ್ಲಿ ಹಾಕಬೇಕೆಂದು ನಿಮ್ಮಮ್ಮನನ್ನು ಕೇಳೋದಿಲ್ಲ" ಎಂದೆ. ಅವಳು ಕುಳಿತಳು. ಸಮಾಧಾನವಾದಂತೆ ಕಾಣಲಿಲ್ಲ.

ಅದರ ಮೇಲೆ ಇನ್ನೊಂದು ವಿಚಿತ್ರ. 131 ಎಂಬುದು 1971ರ ಎಣಿಕೆ ಎಂದೆನಲ್ಲ. ಆಗ ರಾಜ್ಯದ ಹೆಸರೇ ಮೈಸೂರು. ಜೆ.ಪಿ. ನಗರ ಎಂಬ ಹೆಸರು ಹುಟ್ಟಿರಲಿಲ್ಲ. ಬಿ.ಟಿ.ಎಂ. ಎಂದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಬೇರೆ ಬೇರೆ ಊರುಗಳು. ನಾನು ಕುಣಿಗಲ್ ಕಡೆಯ ಹಳ್ಳಿಯಲ್ಲಿ ಎಂಟು ತಿಂಗಳ ಕೂಸು. ಊರ ಶಾಲೆಯ ಮೇಷ್ಟ್ರು ಜಗುಲಿಯ ಮೇಲೆ ಕೂತು, ತೊಟ್ಟಿಲ ಕಡೆ ನೋಡಿ, "ಇದೂ ಸೇರಿ ಎಷ್ಟಾಯ್ತಮ್ಮ?" ಎಂದು ಬರೆದುಕೊಂಡು ಹೋದರಂತೆ, ಅಮ್ಮ ಹೇಳುತ್ತಿದ್ದಳು. ಆ 2,92,99,014ರಲ್ಲಿ ಕೊನೆಯ ಒಂದು ನಾನೇ ಇರಬಹುದು! ಇಂದಿಗೂ ರಾಷ್ಟ್ರಪತಿಯ ಆಯ್ಕೆಯಲ್ಲಿ ಲೆಕ್ಕಕ್ಕಿರುವುದು ತೊಟ್ಟಿಲಲ್ಲಿದ್ದ ಆ ತಲೆಯೇ. ನನ್ನೆದುರು ಬೆಂಚಿನಲ್ಲಿ ಕೂತ ನಲವತ್ತೆರಡು ತಲೆಗಳು ಅದರಲ್ಲಿಲ್ಲ. ಅವರ ತಂದೆ ತಾಯಿಗಳಲ್ಲಿ ಬಹುಪಾಲು ಜನರೂ ಇಲ್ಲ. ಅಷ್ಟೇ ಅಲ್ಲ, ಪಕ್ಕದ ಬೆಂಗಳೂರು ದಕ್ಷಿಣ ವಿಧಾನಸಭಾ ಕ್ಷೇತ್ರದಲ್ಲಿ ಜಯನಗರದ ಮೂರರಷ್ಟಕ್ಕೂ ಹೆಚ್ಚು ಮತದಾರರಿದ್ದಾರೆ. ಅಲ್ಲಿನ ಶಾಸಕರಿಗೂ ಅದೇ 131.

ಹಾಗಾದರೆ ಹೊಸ ಎಣಿಕೆ ಹಾಕಿಬಿಡೋಣವೇ ಎಂದರೆ ಅಲ್ಲೂ ಒಂದು ಮುಳ್ಳಿದೆ. 1976ರಲ್ಲಿ ಈ ಅಂಕಿಗಳನ್ನು ಹಾಗೆಯೇ ನಿಲ್ಲಿಸಿದ್ದು, 2001ರ ತಿದ್ದುಪಡಿಯಲ್ಲಿ ಆ ಅವಧಿಯನ್ನು 2026ರ ನಂತರದ ಮೊದಲ ಜನಗಣತಿಯ ಅಂಕಿ ಪ್ರಕಟವಾಗುವವರೆಗೆ ಮುಂದುವರಿಸಿದ್ದು ಕಾರಣವಿಲ್ಲದೆ ಅಲ್ಲ. ಕೆಂಪು ತ್ರಿಕೋನದ ಗೋಡೆಬರಹ ನೋಡಿ ಬೆಳೆದವರು ನಾವು. ಸರ್ಕಾರ ಎರಡು ಸಾಕು ಎಂದಿತು. ನಮ್ಮ ಕಡೆಯ ತಾಯಂದಿರು ಕೇಳಿದರು. ಕೇಳಿದ್ದಕ್ಕೇ ಪಾಲು ಕಡಿಮೆಯಾಗಬಾರದಲ್ಲ. 2011ರ ಜನಗಣತಿಯನ್ನಿಟ್ಟು ನಾನೇ ಒಂದು ಸಂಜೆ ಲೆಕ್ಕ ಹಾಕಿದೆ. ನಮ್ಮ ಶಾಸಕರ ಮತ 273 ಆಗುತ್ತದೆ, ಕೇಳಲು ಚೆಂದ. ಆದರೆ ಉತ್ತರ ಪ್ರದೇಶದವರದು 496ಕ್ಕೆ ಏರುತ್ತದೆ. ಈಗ ಆ ರಾಜ್ಯದ ಒಟ್ಟು ಬೆಲೆ ನಮ್ಮ ಮೂರರಷ್ಟಕ್ಕಿಂತ ಸ್ವಲ್ಪ ಕಡಿಮೆ. ಆಗ ಮೂರರಷ್ಟನ್ನೂ ಮೀರುತ್ತದೆ. ಇಂದು ನಮಗಿಂತ ಮುಂದಿರುವ ನಾದಿನಿಯ ಕೇರಳ 239ಕ್ಕೆ, ನಮಗಿಂತ ಹಿಂದಕ್ಕೆ ಬೀಳುತ್ತದೆ. ಹಳೆಯ ಎಣಿಕೆ ಇಟ್ಟುಕೊಂಡರೆ ನನ್ನ ವಿದ್ಯಾರ್ಥಿಗಳಿಗೆ ಅನ್ಯಾಯ, ಹೊಸದು ಹಿಡಿದರೆ ನನ್ನ ತಾಯಿಯಂಥವರಿಗೆ. ಇದಕ್ಕೆ ನನ್ನ ಭಾಗಾಕಾರದಲ್ಲಿ ಉತ್ತರವಿಲ್ಲ. ಹೊಸ ಜನಗಣತಿಯ ಅಂಕಿ ಬಂದಾಗ ಉತ್ತರ ಹುಡುಕಬೇಕಾದವರು ಆ ಗುಲಾಬಿ, ಹಸಿರು ಮತಪತ್ರ ಹಿಡಿಯುವವರೇ.

ಕೊನೆಯದಾಗಿ ಗುಟ್ಟಿನ ಮಾತು. ಈ ಮತದಾನ ಗುಪ್ತವಾಗಿರಬೇಕೆಂದು ಸಂವಿಧಾನವೇ ಹೇಳಿದೆ. ಪಕ್ಷ ಇದಕ್ಕೆ ವಿಪ್ ಕೊಡುವಂತಿಲ್ಲ. ರಾಜ್ಯಸಭೆಯ ಚುನಾವಣೆಯಲ್ಲಿ 2003ರಿಂದ ಶಾಸಕರು ತಮ್ಮ ಮತಪತ್ರವನ್ನು ಪಕ್ಷದ ಏಜೆಂಟರಿಗೆ ತೋರಿಸಿಯೇ ಪೆಟ್ಟಿಗೆಗೆ ಹಾಕಬೇಕು, ಇಲ್ಲಿ ಹಾಗಿಲ್ಲ. 2012ರಲ್ಲಿ ನಮ್ಮಲ್ಲಿ ಆಳುತ್ತಿದ್ದ ಪಕ್ಷ ಪಿ.ಎ. ಸಂಗ್ಮಾ ಅವರನ್ನು ಬೆಂಬಲಿಸಿದರೂ ಕರ್ನಾಟಕದ ಶಾಸಕರಿಂದ ಹೆಚ್ಚು ಮತ ಬಂದದ್ದು ಪ್ರಣವ್ ಮುಖರ್ಜಿಯವರಿಗೆ. ಯಾರು ಯಾರು ಆ ಕಡೆ ಹಾಕಿದರೆಂಬುದು ಪೆಟ್ಟಿಗೆಯೊಳಗೇ ಉಳಿಯಿತು. ಮುಖಂಡರ ಕಣ್ಣಿಗೆ ಬೀಳದಂತೆ ಶಾಸಕರು ತಮ್ಮ ಮನಸ್ಸಿನಂತೆ ನಡೆಯಲಿ ಎಂಬ ಉದ್ದೇಶ ದೊಡ್ಡದು, ನನಗೆ ಮೆಚ್ಚುಗೆಯದೂ ಹೌದು. ಮತಗಟ್ಟೆಯ ರಟ್ಟಿನ ಮರೆಯ ಬೆಲೆ ಶಾಯಿ ಬಳಿದವಳಿಗೆ ಗೊತ್ತು. ಗಂಡನಿಗೆ ಹೆದರುವ ಹೆಂಗಸು ಆ ಮರೆಯಲ್ಲಿ ಮಾತ್ರ ತನ್ನವಳಾಗಿರುತ್ತಾಳೆ. ಆದರೆ ಅವಳು ಹಾಕುವುದು ತನ್ನ ಮತ. ಶಾಸಕರು ಹಾಕುವುದು ನಮ್ಮದು. ಮುಖಂಡರಿಂದ ಮುಚ್ಚಿಟ್ಟದ್ದು ನಮ್ಮಿಂದಲೂ ಮುಚ್ಚಿಹೋಗುತ್ತದೆ.

ಕಾನೂನು ತಿದ್ದುವ ಶಕ್ತಿ ನನಗಿಲ್ಲ. ಕೇಳುವುದಕ್ಕೆ ಮಾತ್ರ ಯಾವ ಅಡ್ಡಿಯೂ ಇಲ್ಲ. 2028ರ ವಿಧಾನಸಭಾ ಚುನಾವಣೆಯ ಹೊತ್ತಿಗೆ ನಮ್ಮ ಗೇಟಿನ ಮುಂದೆ ಕೈಮುಗಿದು ನಿಲ್ಲುವವರಿಗೆ ಎಂದಿನಂತೆ ಕಾವೇರಿ ನೀರು, ಕಸದ ಗಾಡಿ, ಕಿತ್ತುಹೋದ ಫುಟ್‌ಪಾತಿನ ವಿಷಯ ಹೇಳುತ್ತೇನೆ. ಆಮೇಲೆ, ಹಿಂದಿನ ವರ್ಷ ನಮ್ಮ ನೂರ ಮೂವತ್ತೊಂದನ್ನು ಯಾರಿಗೆ ಕೊಟ್ಟಿರಿ, ಯಾಕೆ ಕೊಟ್ಟಿರಿ ಎಂದು ಕೇಳುವವಳಿದ್ದೇನೆ. ಹೇಳದೆ ನಕ್ಕು ಮುಂದಿನ ಮನೆಗೆ ಹೋಗುವ ಹಕ್ಕು ಅವರಿಗಿದೆ. ಆದರೆ ಪಕ್ಕದ ಮನೆಯವರೂ ಅದನ್ನೇ ಕೇಳಿದರೆ, ಅದರಾಚೆಯ ಮನೆಯವರೂ ಕೇಳಿದರೆ, ಬೀದಿಯ ತುದಿ ಮುಟ್ಟುವುದರೊಳಗೆ ಒಂದು ಉತ್ತರ ಹೊಂದಿಸಿಕೊಳ್ಳಬೇಕಾಗುತ್ತದೆ.